ಸ್ಟ್ರೆಚ್ ಬಟ್ಟೆ: ಅಗಲಕ್ಕೆ ರಿಯಾಯಿತಿ ಉಂಟು, ಉದ್ದಕ್ಕಿಲ್ಲ

ಪ್ಯಾಂಟು, ಕುರ್ತಾ, ಕುಪ್ಪಸ ಯಾವುದೇ ಇರಲಿ, ಜವಳಿ ಅಂಗಡಿಗಳಲ್ಲಿ ‘ಸ್ಟ್ರೆಚ್’ ಅಥವಾ ‘ಲೈಕ್ರಾ’ ಹೆಸರಿನಲ್ಲಿ ಮಾರಾಟವಾಗುವ ನೇಯ್ದ ಬಟ್ಟೆಗಳು ಇಂದು ಸಾಮಾನ್ಯವಾಗಿವೆ. ಮೈಗೆ ಒಪ್ಪುವ, ಕೂತೇಳಲು ತೊಡಕಾಗದ ಉಡುಪು ಬೇಕೆಂಬವರು ಇಂಥ ಬಟ್ಟೆ ಕೊಂಡು ದರ್ಜಿಯ ಬಳಿಗೆ ಒಯ್ಯುತ್ತಾರೆ. ಆದರೆ ಹೊಲಿಸಿದ ನಂತರ ಕೇಳಿಬರುವ ದೂರುಗಳೂ ಕಡಿಮೆಯಿಲ್ಲ. ಮೊಣಕಾಲಿನ ಬಳಿ ಉಬ್ಬುವುದು, ಕುಳಿತಾಗ ಪ್ಯಾಂಟಿನ ಹಿಂಭಾಗ ಸೊಂಟದಿಂದ ಕೆಳಗೆ ಜಾರುವುದು, ಒಂದೆರಡು ಒಗೆತದಲ್ಲೇ ಬಿಗಿಯಾಗುವುದು, ಹೊಲಿಗೆ ಪಟ್ಟನೆ ಬಿಟ್ಟುಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಕತ್ತರಿ ಬಿದ್ದ ಬಟ್ಟೆಯನ್ನು ಮತ್ತೆ ಇಡಿಯಾಗಿಸಲು ಬಾರದು. ನಷ್ಟದ ಹೊರೆ ಬಹುತೇಕ ಹೊಲಿದವರ ಮೇಲೆಯೇ ಬೀಳುತ್ತದೆ.

ಈ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ ತಪ್ಪು ಗ್ರಹಿಕೆ. ಬಟ್ಟೆ ಹಿಗ್ಗುತ್ತದೆಯಾದ್ದರಿಂದ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದೀತು ಎಂಬ ನಂಬಿಕೆಯೇ ಆ ತಪ್ಪು. ವಾಸ್ತವದಲ್ಲಿ ಇಂಥ ಬಟ್ಟೆಗಳ ಪೈಕಿ ಬಹುತೇಕವು ಅಡ್ಡಕ್ಕೆ ಮಾತ್ರ ಹಿಗ್ಗುತ್ತವೆ. ಉದ್ದಕ್ಕೆ ಅವು ಮಾಮೂಲಿ ಹತ್ತಿ ಬಟ್ಟೆಯಷ್ಟೇ ಬಿಗಿ. ಈ ಒಂದು ಸಂಗತಿಯನ್ನು ಅಳತೆ ತೆಗೆಯುವಲ್ಲಿಂದ ಇಸ್ತ್ರಿ ಮಾಡುವವರೆಗೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಸಮಸ್ಯೆ ಬಗೆಹರಿದಂತೆಯೇ.

ಏನಿದು ಸ್ಟ್ರೆಚ್ ನೇಯ್ಗೆ?

ಬನಿಯನ್, ಟೀ ಶರ್ಟ್‌ಗಳಲ್ಲಿ ಬಳಸುವುದು ಹೆಣಿಗೆ ಬಟ್ಟೆ. ಅದರಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡಿರುವುದರಿಂದ ಬಟ್ಟೆ ತಾನಾಗಿಯೇ ಹಿಗ್ಗುತ್ತದೆ. ನೇಯ್ದ ಬಟ್ಟೆಯ ರಚನೆ ಬೇರೆ. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆ ಅಡ್ಡಲಾಗಿ ಹಾಯ್ದು ಬಟ್ಟೆಯಾಗುತ್ತದೆ. ಇಲ್ಲಿ ಕುಣಿಕೆಗಳಿಲ್ಲ. ಆದ್ದರಿಂದ ನೇಯ್ದ ಬಟ್ಟೆ ಹಿಗ್ಗಬೇಕಾದರೆ ನೂಲಿನಲ್ಲಿಯೇ ಆ ಗುಣ ಇರಬೇಕಾಗುತ್ತದೆ.

ಈ ಗುಣವನ್ನು ಒದಗಿಸುವುದು ಎಲಾಸ್ಟೇನ್ ಎಂಬ ಕೃತಕ ಎಳೆ. ಇದು ಪಾಲಿಯುರೆಥೇನ್ ಜಾತಿಗೆ ಸೇರಿದ್ದು. ಎಳೆದಾಗ ತನ್ನ ಮೂಲ ಉದ್ದದ ಐದು ಪಟ್ಟಿಗೂ ಹೆಚ್ಚು ಹಿಗ್ಗಿ, ಬಿಟ್ಟಾಗ ಹಿಂದಿನ ಸ್ಥಿತಿಗೆ ಮರಳಬಲ್ಲದು. ಎಲಾಸ್ಟೇನ್ ಎಳೆಯನ್ನು ಎಳೆದು ಹಿಡಿದು ಅದರ ಸುತ್ತ ಹತ್ತಿಯನ್ನು ಸುತ್ತಿ ನೂಲು ತಯಾರಿಸುತ್ತಾರೆ. ಮೇಲ್ನೋಟಕ್ಕೆ ಅದು ಹತ್ತಿಯ ನೂಲಿನಂತೆಯೇ ಕಾಣುತ್ತದೆ. ಆ ನೂಲನ್ನು ಸಾಮಾನ್ಯವಾಗಿ ಹೊಕ್ಕಿಗೆ ಮಾತ್ರ ಬಳಸುತ್ತಾರೆ. ಬಟ್ಟೆ ಅಡ್ಡಕ್ಕೆ ಮಾತ್ರ ಹಿಗ್ಗಲು ಇದೇ ಕಾರಣ. ಹಾಸು, ಹೊಕ್ಕು ಎರಡರಲ್ಲೂ ಎಲಾಸ್ಟೇನ್ ಇರುವ ಬಟ್ಟೆಗಳೂ ಉಂಟು, ಆದರೆ ಅವುಗಳ ಬಳಕೆ ಕಡಿಮೆ. ಬಟ್ಟೆಯಲ್ಲಿ ಎಲಾಸ್ಟೇನ್ ಪ್ರಮಾಣ ಸಾಮಾನ್ಯವಾಗಿ ಶೇ 2ರಿಂದ 5ರಷ್ಟು ಮಾತ್ರ. ಉಳಿದದ್ದು ಹತ್ತಿ, ಪಾಲಿಯೆಸ್ಟರ್ ಅಥವಾ ವಿಸ್ಕೋಸ್.

ಹಿನ್ನೆಲೆ

ಹಿಗ್ಗುವ ಒಳ ಉಡುಪುಗಳಿಗೆ ಮೊದಲು ರಬ್ಬರ್ ಎಳೆಗಳನ್ನು ಬಳಸಲಾಗುತ್ತಿತ್ತು. ಅವು ದಪ್ಪವಾಗಿದ್ದವು, ಬೆವರು ಮತ್ತು ಶಾಖಕ್ಕೆ ಬೇಗ ಹಾಳಾಗುತ್ತಿದ್ದವು. ಇದಕ್ಕೆ ಪರ್ಯಾಯವಾಗಿ 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಅವರು ವರ್ಜೀನಿಯಾ ರಾಜ್ಯದ ವೇನ್ಸ್‌ಬರೊದ ಪ್ರಯೋಗಾಲಯದಲ್ಲಿ ಈ ಎಳೆಯನ್ನು ರೂಪಿಸಿದರು. ಅಮೆರಿಕದಲ್ಲಿ ಇದಕ್ಕೆ ‘ಸ್ಪ್ಯಾಂಡೆಕ್ಸ್’ ಎಂಬ ಹೆಸರಿದೆ. ‘ಹಿಗ್ಗುತ್ತದೆ’ ಎಂಬ ಅರ್ಥ ಕೊಡುವ ‘ಎಕ್ಸ್‌ಪ್ಯಾಂಡ್ಸ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಈ ಹೆಸರನ್ನು ಕಟ್ಟಲಾಯಿತು. ಲೈಕ್ರಾ ಎಂಬುದು ಬಟ್ಟೆಯ ಹೆಸರಲ್ಲ, ಎಲಾಸ್ಟೇನ್ ಎಳೆಯ ಒಂದು ಬ್ರಾಂಡ್ ಮಾತ್ರ. ಅಂಗಡಿಯವರು ಎಲ್ಲ ಹಿಗ್ಗುವ ಬಟ್ಟೆಯನ್ನೂ ಲೈಕ್ರಾ ಎಂದೇ ಕರೆಯುವುದು ರೂಢಿಯಾಗಿದೆ.

ಕೊಳ್ಳುವ ಮುನ್ನ ಪರೀಕ್ಷೆ

ಥಾನಿನ ಮೇಲಿನ ಚೀಟಿ ಎಲಾಸ್ಟೇನ್ ಎಷ್ಟಿದೆ ಎಂಬುದನ್ನು ಹೇಳಬಹುದೇ ಹೊರತು ಬಟ್ಟೆ ಎಷ್ಟು ಹಿಗ್ಗುತ್ತದೆ ಎಂಬುದನ್ನಲ್ಲ. ಒಂದೇ ಪ್ರಮಾಣದ ಎಲಾಸ್ಟೇನ್ ಇರುವ ಎರಡು ಬಟ್ಟೆಗಳು ನೇಯ್ಗೆಯ ಬಿಗಿತಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ವರ್ತಿಸುತ್ತವೆ. ಆದ್ದರಿಂದ ಕೈಯಲ್ಲಿ ಅಳೆದು ನೋಡುವುದೇ ಖಚಿತ ಮಾರ್ಗ.

ಬಟ್ಟೆಯನ್ನು ಕತ್ತರಿಸಿದ ಅಂಚಿನಿಂದ ದೂರದಲ್ಲಿ, ಮಡಿಕೆ ಅಡ್ಡಕ್ಕೆ ಬರುವಂತೆ ಮಡಚಬೇಕು. ಆ ಮಡಿಕೆಯ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುಂಡುಪಿನ್ ಚುಚ್ಚಿ, ಸ್ಕೇಲಿನ ಮೇಲಿಟ್ಟು ಹಿತವಾಗಿ ಎಳೆಯಬೇಕು. ಅಂಚು ಸುರುಳಿಯಾಗುವಷ್ಟು ಜಗ್ಗಬಾರದು. 10 ಸೆಂ.ಮೀ. ಇದ್ದದ್ದು 11.5 ಆದರೆ ಹಿಗ್ಗು ಶೇ 15, 12 ಆದರೆ ಶೇ 20.

ಹಿಗ್ಗಿನಷ್ಟೇ, ಒಂದರ್ಥದಲ್ಲಿ ಅದಕ್ಕಿಂತ ಹೆಚ್ಚಾಗಿ, ನೋಡಬೇಕಾದದ್ದು ಮರಳುವ ಗುಣ. ಎಳೆದ ಬಟ್ಟೆಯನ್ನು ಅರ್ಧ ನಿಮಿಷ ಹಾಗೆಯೇ ಹಿಡಿದು ಬಿಟ್ಟು, ಒಂದು ನಿಮಿಷದ ಬಳಿಕ ಪಿನ್ನುಗಳ ನಡುವಣ ಅಂತರವನ್ನು ಮತ್ತೆ ಅಳೆಯಬೇಕು. ಅದು 10 ಸೆಂ.ಮೀ.ಗೆ ಮರಳಿದರೆ ಉತ್ತಮ. 10.3ಕ್ಕಿಂತ ಹೆಚ್ಚು ಉಳಿದರೆ ಅಂಥ ಬಟ್ಟೆ ಬಿಗಿಯಾದ ಉಡುಪಿಗೆ ತಕ್ಕುದಲ್ಲ. ಅದರಲ್ಲಿ ಹೊಲಿದ ಪ್ಯಾಂಟು ಸಂಜೆಯ ಹೊತ್ತಿಗೆ ಮೊಣಕಾಲಿನಲ್ಲೂ ಹಿಂಭಾಗದಲ್ಲೂ ಜೋತುಬೀಳುತ್ತದೆ. ಆ ದೋಷವನ್ನು ಯಾವ ದರ್ಜಿಯೂ ಸರಿಪಡಿಸಲಾರ. ಇದೇ ಪರೀಕ್ಷೆಯನ್ನು ಉದ್ದಕ್ಕೂ ಮಾಡಿ ನೋಡಿದರೆ ಬಟ್ಟೆ ಒಂದು ದಿಕ್ಕಿಗೆ ಹಿಗ್ಗುವುದೋ ಎರಡೂ ದಿಕ್ಕಿಗೋ ಎಂಬುದು ತಿಳಿಯುತ್ತದೆ.

ಒಗೆತ ಮತ್ತು ವಿಶ್ರಾಂತಿ

ಥಾನಿಗೆ ಸುತ್ತುವಾಗ ಬಟ್ಟೆ ಎಳೆತಕ್ಕೆ ಒಳಗಾಗಿರುತ್ತದೆ. ಬಿಚ್ಚಿದೊಡನೆ ಕತ್ತರಿಸಿದರೆ ತುಂಡುಗಳು ನಿಧಾನವಾಗಿ ಕುಗ್ಗಿ ಅಳತೆ ತಪ್ಪುತ್ತದೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಸ್ಟ್ರೆಚ್ ಬಟ್ಟೆಯನ್ನು ಸುರುಳಿಯಿಂದ ಬಿಚ್ಚಿ, ಸುಮಾರು 24 ಗಂಟೆ ಸಡಿಲವಾಗಿ ಹರಡಿಟ್ಟ ನಂತರವೇ ಕತ್ತರಿಸುವ ಮೇಜಿಗೆ ತರುವ ಪದ್ಧತಿ ಇದೆ. ಮನೆಯಲ್ಲಿ ಅಥವಾ ಚಿಕ್ಕ ಅಂಗಡಿಯಲ್ಲಿ ಹೊಲಿಯುವವರು ಬಟ್ಟೆಯನ್ನು ಒಮ್ಮೆ ಒಗೆದು, ನೆರಳಿನಲ್ಲಿ ಹರವಿ ಒಣಗಿಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡಿ ಒಂದು ರಾತ್ರಿ ಬಿಟ್ಟರೆ ಸಾಕು.

ಒಗೆಯುವ ಮುನ್ನ ಬಟ್ಟೆಯ ಮೂಲೆಯಲ್ಲಿ 20 ಇಂಚಿನ ಚೌಕವೊಂದನ್ನು ಗುರುತು ಮಾಡಿಕೊಂಡರೆ ಕುಗ್ಗಿದ ಪ್ರಮಾಣ ಗೊತ್ತಾಗುತ್ತದೆ. ಬಳ್ಳಾರಿಯಂಥ ಜೀನ್ಸ್ ಕೇಂದ್ರಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ. ಅಲ್ಲಿ ಜೀನ್ಸನ್ನು ಹೊಲಿದ ಮೇಲೆ ವಾಷಿಂಗ್ ಘಟಕಕ್ಕೆ ಕಳುಹಿಸಲಾಗುತ್ತದೆ. ಆದ್ದರಿಂದ ಕುಗ್ಗುವ ಪ್ರಮಾಣವನ್ನು ಮೊದಲೇ ಕೂಡಿಸಿ ಕತ್ತರಿಸಬೇಕಾಗುತ್ತದೆ. ಅಡ್ಡಕ್ಕೆ ಶೇ 8ರಷ್ಟು ಕುಗ್ಗುವ ಡೆನಿಮ್‌ನಲ್ಲಿ ಕೊನೆಗೆ 40 ಇಂಚಿನ ಸೀಟ್ ಸುತ್ತಳತೆ ಬೇಕಿದ್ದರೆ, ಕತ್ತರಿಸುವಾಗ ಸುಮಾರು 43.5 ಇಂಚು ಇಡಬೇಕು. ಈ ಲೆಕ್ಕ ತಪ್ಪಿದರೆ ಒಂದು ಜೊತೆಯಲ್ಲ, ಇಡೀ ಲಾಟು ತಿರಸ್ಕೃತವಾಗುವ ಅಪಾಯವಿದೆ.

ಸುತ್ತಳತೆಯ ಲೆಕ್ಕ

ಹಿಗ್ಗದ ಬಟ್ಟೆಯಲ್ಲಿ ದೇಹದ ಅಳತೆಗೆ ಸ್ವಲ್ಪ ಸಡಿಲಿಕೆ, ದರ್ಜಿಗಳ ಮಾತಿನಲ್ಲಿ ‘ಲೂಸ್’, ಕೂಡಿಸುವುದು ವಾಡಿಕೆ. ಉಸಿರಾಡಲು, ಕೂರಲು, ಕೈ ಎತ್ತಲು ಬೇಕಾದ ಜಾಗ ಅದು. ಸ್ಟ್ರೆಚ್ ಬಟ್ಟೆಯಲ್ಲಿ ಈ ಕೆಲಸವನ್ನು ಬಟ್ಟೆಯ ಹಿಗ್ಗು ಮಾಡುತ್ತದೆ. ಆದ್ದರಿಂದ ಲೂಸ್ ಕಡಿಮೆ ಮಾಡಬಹುದು. ಎಷ್ಟು ಕಡಿಮೆ ಎಂಬುದೇ ಪ್ರಶ್ನೆ.

ಉದಾಹರಣೆಗೆ, ನಿಂತಾಗ ಸೀಟ್ ಸುತ್ತಳತೆ 40 ಇಂಚು ಇರುವವರದು ಕುಳಿತಾಗ ಸುಮಾರು 42 ಇಂಚು ಆಗುತ್ತದೆ ಎಂದುಕೊಳ್ಳೋಣ. ಹಿಗ್ಗದ ಬಟ್ಟೆಯ ಪ್ಯಾಂಟನ್ನು 42ರಿಂದ 43 ಇಂಚಿಗೆ ಹೊಲಿಯಬೇಕು. ಶೇ 15ರಷ್ಟು ಹಿಗ್ಗುವ ಬಟ್ಟೆಯನ್ನು 40 ಇಂಚಿಗೇ ಕತ್ತರಿಸಿದರೂ ಅದು 46 ಇಂಚಿನವರೆಗೆ ಹೋಗಬಲ್ಲದು. ಕುಳಿತಾಗ ಬೇಕಾದ 2 ಇಂಚು ಆ ಹಿಗ್ಗಿನ ಮೂರನೇ ಒಂದು ಭಾಗ ಮಾತ್ರ. ಹೀಗಾಗಿ ಉಡುಪು ಮೈಗೆ ಅಂಟಿದಂತಿದ್ದೂ ಹಿಂಸೆಯಾಗುವುದಿಲ್ಲ.

ಇಲ್ಲಿ ಪಾಲಿಸಬೇಕಾದ ಸೂತ್ರವೆಂದರೆ, ಬಟ್ಟೆಯ ಹಿಗ್ಗಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎಂದೂ ಖರ್ಚು ಮಾಡಬಾರದು. ಶೇ 15ರಿಂದ 20ರಷ್ಟು ಹಿಗ್ಗುವ ಬಟ್ಟೆಯಲ್ಲಿ ದೇಹದ ಅಳತೆಗಿಂತ ಕಡಿಮೆಗೆ ಇಳಿಯದಿರುವುದೇ ಕ್ಷೇಮ. ಹಾಗೆ ಇಳಿಸಿದರೆ ಬಟ್ಟೆ ದಿನವಿಡೀ ಎಳೆತದಲ್ಲೇ ಇದ್ದು ಹೊಲಿಗೆಯ ಮೇಲೆ ಭಾರ ಬೀಳುತ್ತದೆ, ಎಲಾಸ್ಟೇನ್ ಬೇಗ ಸೋಲುತ್ತದೆ. ಶೇ 10ಕ್ಕಿಂತ ಕಡಿಮೆ ಹಿಗ್ಗುವ ಬಟ್ಟೆಯನ್ನು ಮಾಮೂಲಿ ಬಟ್ಟೆಯೆಂದೇ ಪರಿಗಣಿಸಿ, ಲೂಸ್‌ನಲ್ಲಿ ಅರ್ಧ ಇಂಚಿನಷ್ಟು ಮಾತ್ರ ಕಡಿತ ಮಾಡಬಹುದು.

ಉದ್ದಕ್ಕೆ ರಿಯಾಯಿತಿ ಇಲ್ಲ

ಹೆಚ್ಚಿನ ಉಡುಪುಗಳು ಕೆಡುವುದು ಇಲ್ಲಿಯೇ. ಸುತ್ತಳತೆಯ ಜತೆಗೆ ಉದ್ದದ ಅಳತೆಗಳನ್ನೂ ಕಡಿಮೆ ಮಾಡುವುದು, ಅಥವಾ ಒಂದು ಸೈಜ್ ಚಿಕ್ಕದಾದ ಪ್ಯಾಟರ್ನನ್ನು ಇಡಿಯಾಗಿ ಬಳಸುವುದು ದೊಡ್ಡ ತಪ್ಪು. ಚಿಕ್ಕ ಸೈಜಿನ ಪ್ಯಾಟರ್ನಿನಲ್ಲಿ ಅಗಲದೊಂದಿಗೆ ಉದ್ದವೂ ಕುಗ್ಗಿರುತ್ತದೆ. ಅಗಲದ ಕೊರತೆಯನ್ನು ಹೊಕ್ಕಿನ ಹಿಗ್ಗು ತುಂಬಿಕೊಡುತ್ತದೆ. ಉದ್ದದ ಕೊರತೆಯನ್ನು ತುಂಬಿಕೊಡಲು ಹಾಸಿನಲ್ಲಿ ಏನೂ ಇಲ್ಲ.

ಪ್ಯಾಂಟಿನಲ್ಲಿ ಮುಂದಿನ ಸೊಂಟದಿಂದ ತೊಡೆಸಂದಿನ ಮೂಲಕ ಹಿಂದಿನ ಸೊಂಟದವರೆಗಿನ ಅಳತೆಯನ್ನು ಟೇಪು ಹಿಡಿದು ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಅದನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು. ಬಿಗಿಯಾದ ಪ್ಯಾಂಟಿನಲ್ಲಿ ಹಿಂಭಾಗದ ಏರಿಕೆಗೆ ಅರ್ಧದಿಂದ ಮುಕ್ಕಾಲು ಇಂಚು ಕೂಡಿಸುವುದು ಒಳ್ಳೆಯದು. ಕುಪ್ಪಸದಲ್ಲಿ ಭುಜದಿಂದ ಎದೆಯ ತುದಿಯವರೆಗಿನ ಉದ್ದ, ಬೆನ್ನಿನ ಉದ್ದ, ಕಂಕುಳಿನ ಆಳ ಇವು ಇದೇ ಸಾಲಿಗೆ ಸೇರುತ್ತವೆ.

ಮೊಣಕಾಲು, ಮೊಣಕೈ ಮಡಚಿದಾಗ ಅಲ್ಲಿನ ಚರ್ಮ ಉದ್ದಕ್ಕೆ ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಅಡ್ಡಕ್ಕೆ ಹಿಗ್ಗುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಅಡ್ಡಕ್ಕೆ ಮಾತ್ರ ಹಿಗ್ಗುವ ಬಟ್ಟೆ ಆ ಉದ್ದವನ್ನು ಕೊಡಲಾರದು. ಬಟ್ಟೆ ಮೇಲಕ್ಕೆ ಜಾರಲು ಅವಕಾಶ ಸಿಗಬೇಕು, ಅದಕ್ಕಾಗಿ ಮೊಣಕಾಲಿನ ಸುತ್ತಳತೆಯಲ್ಲಿ ಸ್ವಲ್ಪ ಲೂಸ್ ಉಳಿಸಿಕೊಳ್ಳಬೇಕು.

ಡಾರ್ಟ್, ದರ್ಜಿಗಳ ಮಾತಿನಲ್ಲಿ ‘ಟಕ್ಸ್’, ಕುರಿತೂ ಇದೇ ಮಾತು ಅನ್ವಯಿಸುತ್ತದೆ. ಸ್ಟ್ರೆಚ್ ಬಟ್ಟೆಗೆ ಟಕ್ಸ್ ಬೇಡವೆಂಬ ಅಭಿಪ್ರಾಯ ಹೆಣಿಗೆ ಬಟ್ಟೆಗೆ ಹೊಂದೀತು, ನೇಯ್ದ ಬಟ್ಟೆಗಲ್ಲ. ದೇಹದ ಉಬ್ಬುತಗ್ಗುಗಳಿಗೆ ಆಕಾರ ಕೊಡುವುದು ಟಕ್ಸ್ ಮತ್ತು ಪ್ರಿನ್ಸೆಸ್ ಕಟ್‌ನ ಹೊಲಿಗೆ. ಟಕ್ಸ್‌ನ ಅಗಲವನ್ನು ಕೊಂಚ ಕಡಿಮೆ ಮಾಡಬಹುದೇ ವಿನಾ ಬಿಟ್ಟುಬಿಡುವಂತಿಲ್ಲ.

ಕತ್ತರಿಸುವಾಗ ಗಮನಿಸಬೇಕಾದದ್ದು

ಹಿಗ್ಗುವ ದಿಕ್ಕು ದೇಹದ ಸುತ್ತ ಬರುವಂತೆ ಪ್ಯಾಟರ್ನ್ ಇಡಬೇಕು. ಬಟ್ಟೆ ಉಳಿಸುವ ಆಸೆಯಿಂದ ಒಂದು ತುಂಡನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಇಟ್ಟರೆ ಎರಡು ಕಾಲುಗಳು ಎರಡು ರೀತಿ ಕೂರುತ್ತವೆ. ಕತ್ತರಿಸುವಾಗ ಬಟ್ಟೆಯ ಒಂದು ಭಾಗ ಮೇಜಿನಿಂದ ಕೆಳಗೆ ಜೋತುಬಿದ್ದಿರಬಾರದು. ಆ ಭಾರಕ್ಕೆ ಮೇಜಿನ ಮೇಲಿನ ಭಾಗ ಎಳೆದುಕೊಂಡು, ಕತ್ತರಿಸಿದ ಮೇಲೆ ಕುಗ್ಗುತ್ತದೆ. ಪ್ಯಾಟರ್ನ್ ಅಲುಗದಂತೆ ಮೇಲೆ ಭಾರ ಇಟ್ಟು, ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಪಕ್ಕದ ಹೊಲಿಗೆಗಳಲ್ಲಿ ಒಂದು ಇಂಚು ಮಾರ್ಜಿನ್ ಇಟ್ಟುಕೊಂಡರೆ ಟ್ರಯಲ್ ವೇಳೆ ಸರಿಪಡಿಸಲು ಅನುಕೂಲ.

ಲೈನಿಂಗ್ ಹಾಕಿದರೆ ಹಿಗ್ಗು ಇಲ್ಲ

ಕರ್ನಾಟಕದಲ್ಲಿ ಕುಪ್ಪಸಕ್ಕೆ ಹತ್ತಿಯ ಲೈನಿಂಗ್ ಹಾಕುವುದು ಸಾಮಾನ್ಯ. ಮೇಲಿನ ಬಟ್ಟೆ ಎಷ್ಟೇ ಹಿಗ್ಗಿದರೂ ಒಳಗಿನ ಲೈನಿಂಗ್ ಹಿಗ್ಗದಿದ್ದರೆ ಇಡೀ ಕುಪ್ಪಸ ಹಿಗ್ಗುವುದಿಲ್ಲ. ಎದೆ ಸುತ್ತಳತೆ 36 ಇಂಚು ಇರುವವರಿಗೆ ಲೈನಿಂಗ್ ಇಲ್ಲದ ಸ್ಟ್ರೆಚ್ ಕುಪ್ಪಸವನ್ನು 36ಕ್ಕೇ ಹೊಲಿಯಬಹುದು. ಅದಕ್ಕೇ ಹತ್ತಿಯ ಲೈನಿಂಗ್ ಸೇರಿಸಿದರೆ ಮಾಮೂಲಿ ಕುಪ್ಪಸದಂತೆ ಒಂದೂವರೆಯಿಂದ ಎರಡು ಇಂಚು ಲೂಸ್ ಕೊಡಲೇಬೇಕು. ಹಿಗ್ಗು ಉಳಿಯಬೇಕೆಂದಾದರೆ ಲೈನಿಂಗ್ ಕೂಡ ಹಿಗ್ಗುವ ಬಟ್ಟೆಯದಾಗಿರಬೇಕು, ಇಲ್ಲವೇ ಲೈನಿಂಗನ್ನು ಓರೆಯಾಗಿ ಕತ್ತರಿಸಬೇಕು. ಗ್ರಾಹಕರಿಗೆ ಈ ವಿಷಯವನ್ನು ಅಳತೆ ತೆಗೆಯುವಾಗಲೇ ತಿಳಿಸುವುದು ಲೇಸು.

ಸೂಜಿ, ದಾರ, ಹೊಲಿಗೆ

ಮೊಂಡಾದ ಸೂಜಿ ಎಲಾಸ್ಟೇನ್ ಎಳೆಯನ್ನು ತುಂಡರಿಸುತ್ತದೆ. ತುಂಡಾದ ಎಳೆ ಬಟ್ಟೆಯೊಳಕ್ಕೆ ಹಿಂದೆ ಸರಿದು, ಹೊಲಿಗೆಯ ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬು ಕಾಣಿಸಿಕೊಳ್ಳುತ್ತದೆ. ಇದಕ್ಕೆ ಪರಿಹಾರವಿಲ್ಲ. ಆದ್ದರಿಂದ ಪ್ರತಿ ಉಡುಪಿಗೂ ಹೊಸ ಸೂಜಿ ಬಳಸುವುದು ದುಂದುವೆಚ್ಚವಲ್ಲ. ತೆಳು ಬಟ್ಟೆಗೆ 11ನೇ ನಂಬರ್, ಪ್ಯಾಂಟಿನ ಬಟ್ಟೆಗೆ 14, ದಪ್ಪ ಡೆನಿಮ್‌ಗೆ 16ನೇ ನಂಬರ್ ಸೂಜಿ ಸರಿಹೊಂದುತ್ತದೆ. ಹೊಲಿಗೆ ಅಲ್ಲಲ್ಲಿ ತಪ್ಪುತ್ತಿದ್ದರೆ ‘ಸ್ಟ್ರೆಚ್’ ಎಂದೇ ನಮೂದಿಸಿರುವ ಸೂಜಿಯನ್ನು ಬಳಸಿ ನೋಡಬೇಕು.

ಬಟ್ಟೆ ಹಿಗ್ಗಿ ದಾರ ಹಿಗ್ಗದಿದ್ದರೆ ದಾರ ತುಂಡಾಗುತ್ತದೆ. ಹತ್ತಿಯ ದಾರಕ್ಕಿಂತ ಪಾಲಿಯೆಸ್ಟರ್ ದಾರ ಇಲ್ಲಿ ಸೂಕ್ತ. ನೇರ ಹೊಲಿಗೆ ಮಾತ್ರ ಬರುವ ಕಾಲು ಯಂತ್ರದಲ್ಲೂ ಈ ಬಟ್ಟೆಯನ್ನು ಚೆನ್ನಾಗಿ ಹೊಲಿಯಬಹುದು. ಹೊಲಿಗೆಯ ಉದ್ದವನ್ನು ಸುಮಾರು 2.5 ಮಿಲಿಮೀಟರ್‌ಗೆ, ಅಂದರೆ ಇಂಚಿಗೆ ಹತ್ತರಷ್ಟಕ್ಕೆ ಇಟ್ಟು, ಟೆನ್ಷನ್ ಸ್ವಲ್ಪ ಸಡಿಲಿಸಬೇಕು. ಹೊಲಿಗೆ ಚಿಕ್ಕದಾದಷ್ಟೂ ಇಂಚಿಗೆ ಕೂಡುವ ದಾರ ಹೆಚ್ಚು, ಹಿಗ್ಗುವ ಅವಕಾಶವೂ ಹೆಚ್ಚು. ಪಕ್ಕದ ಹೊಲಿಗೆಗಳು ಉದ್ದಕ್ಕೆ ಸಾಗುವುದರಿಂದ ಅವುಗಳ ಮೇಲೆ ಎಳೆತ ಕಡಿಮೆ. ಎಳೆತ ಬೀಳುವುದು ಅಡ್ಡಕ್ಕೆ ಅಥವಾ ಓರೆಯಾಗಿ ಸಾಗುವ ತೊಡೆಸಂದಿನ ಮತ್ತು ಕಂಕುಳಿನ ಹೊಲಿಗೆಗಳ ಮೇಲೆ. ಅವುಗಳನ್ನು ಎರಡು ಸಲ ಹೊಲಿಯಬೇಕು. ಝಿಗ್‌ಜಾಗ್ ಸೌಲಭ್ಯವಿರುವ ಯಂತ್ರದಲ್ಲಿ ಅತಿ ಕಿರಿದಾದ ಝಿಗ್‌ಜಾಗ್ ಬಳಸಬಹುದು. ಅಂಚುಗಳಿಗೆ ಓವರ್‌ಲಾಕ್ ಮಾಡಿಸಿದರೆ ಎಳೆ ಬಿಚ್ಚುವುದಿಲ್ಲ.

ಹಿಗ್ಗಬಾರದ ಜಾಗಗಳು

ಉಡುಪಿನ ಎಲ್ಲ ಭಾಗವೂ ಹಿಗ್ಗಬೇಕಾಗಿಲ್ಲ. ಭುಜದ ಹೊಲಿಗೆ, ಕುತ್ತಿಗೆಯ ಸುತ್ತು, ಜಿಪ್ ಕೂರುವ ಅಂಚು, ಜೇಬಿನ ಬಾಯಿ ಇವು ಹಿಗ್ಗಿದರೆ ಆಕಾರ ಕೆಡುತ್ತದೆ. ಇಲ್ಲಿ ತೆಳುವಾದ ಪೇಸ್ಟಿಂಗ್ ಕ್ಯಾನ್ವಾಸ್ ಅಥವಾ ಹತ್ತಿ ಬಟ್ಟೆಯ ಅಂಚಿನಿಂದ ತೆಗೆದ ಕಿರಿದಾದ ಪಟ್ಟಿಯನ್ನು ಸೇರಿಸಿ ಹೊಲಿಯಬೇಕು. ಜಿಪ್ ಹೊಲಿಯುವಾಗ ಬಟ್ಟೆ ಎಳೆದುಕೊಂಡರೆ ಅದು ಅಲೆಯಲೆಯಾಗಿ ಕಾಣುತ್ತದೆ. ಪ್ಯಾಂಟಿನ ಬೆಲ್ಟ್ ಪಟ್ಟಿಯನ್ನು ಹಾಸಿನ ದಿಕ್ಕಿನಲ್ಲಿ ಕತ್ತರಿಸಿದರೆ ಅದು ಹಿಗ್ಗದೆ ಸೊಂಟದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ದಿನವಿಡೀ ಕುಳಿತು ಕೆಲಸ ಮಾಡುವವರಿಗೆ, ಗರ್ಭಿಣಿಯರಿಗೆ ಹೊಕ್ಕಿನ ದಿಕ್ಕಿನ ಹಿಗ್ಗುವ ಪಟ್ಟಿಯೇ ಹಿತ.

ಸುಕ್ಕು ಹೇಳುವ ಮಾತು

ಪೂರ್ತಿ ಹೊಲಿಯುವ ಮುನ್ನ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡುವುದು ಅನಿವಾರ್ಯ. ಹಳೆಯ ಹತ್ತಿ ಬಟ್ಟೆಯಲ್ಲಿ ಮಾದರಿ ಹೊಲಿದು ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅದು ಹಿಗ್ಗುವುದಿಲ್ಲ. ಟ್ರಯಲ್ ವೇಳೆ ನಿಂತು, ಕುಳಿತು, ಬಗ್ಗಿ, ಕೈ ಎತ್ತಿ ನೋಡಬೇಕು. ಅಡ್ಡಡ್ಡ ಸುಕ್ಕುಗಳು ಕಂಡರೆ ಅಲ್ಲಿ ಬಿಗಿ ಎಂದರ್ಥ. ಉದ್ದುದ್ದ ಮಡಿಕೆ ಬಿದ್ದರೆ ಬಟ್ಟೆ ಹೆಚ್ಚಾಗಿದೆ. ಎದೆಯ ತುದಿಯಿಂದ ಕಂಕುಳಿಗೆ ಓರೆ ಸುಕ್ಕು ಹೋದರೆ ಟಕ್ಸ್ ಸಾಲದು. ಹಿಂಭಾಗದಲ್ಲಿ ತೊಡೆಸಂದಿನತ್ತ ಸುಕ್ಕು ಎಳೆದರೆ, ಕುಳಿತಾಗ ಸೊಂಟದ ಪಟ್ಟಿ ಕೆಳಗೆ ಜಾರಿದರೆ ಹಿಂದಿನ ಏರಿಕೆ ಗಿಡ್ಡವಾಗಿದೆ. ಪಕ್ಕದ ಹೊಲಿಗೆ ಬಿಚ್ಚಿ ಎಷ್ಟೇ ಸಡಿಲಿಸಿದರೂ ಈ ಕೊನೆಯ ದೋಷ ಹೋಗುವುದಿಲ್ಲ.

ಆರೈಕೆ

ಎಲಾಸ್ಟೇನ್‌ಗೆ ಕ್ಲೋರಿನ್ ಬ್ಲೀಚ್ ಮತ್ತು ಅತಿಯಾದ ಶಾಖ ಶತ್ರುಗಳು. ಬಿಸಿನೀರಿನಲ್ಲಿ ನೆನೆಸುವುದು, ಹಿಂಡಿ ಬಿಸಿಲಿಗೆ ಹಾಕುವುದು ಬೇಡ. ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಎತ್ತಿ ಇಟ್ಟು ಒತ್ತಬೇಕು. ಎಳೆದು ಇಸ್ತ್ರಿ ಮಾಡಿದರೆ ಬಟ್ಟೆ ಹಿಗ್ಗಿದ ಸ್ಥಿತಿಯಲ್ಲೇ ನಿಂತುಬಿಡಬಹುದು.

ಜೀವನೋಪಾಯದ ಪ್ರಶ್ನೆ

ಸಿದ್ಧ ಉಡುಪಿನ ಪೈಪೋಟಿಯಲ್ಲಿ ಊರಿನ ದರ್ಜಿಗೆ ಉಳಿದಿರುವ ಬಲವೆಂದರೆ ಒಬ್ಬೊಬ್ಬರ ಮೈಗೆ ತಕ್ಕಂತೆ ಹೊಲಿಯುವ ಕೌಶಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ವೃತ್ತಿಯೂ ಸೇರಿದೆ. ತರಬೇತಿ ಹಾಗೂ ಉಪಕರಣಕ್ಕಾಗಿ 15 ಸಾವಿರ ರೂಪಾಯಿವರೆಗಿನ ನೆರವು ಅದರಲ್ಲಿದೆ. ಆದರೆ ಯಂತ್ರ ಸಿಕ್ಕಿದ ಮಾತ್ರಕ್ಕೆ ಬಟ್ಟೆಯ ಗುಣ ತಿಳಿಯುವುದಿಲ್ಲ. ಮನೆಯಲ್ಲಿ ಕುಳಿತು ಹೊಲಿದು ಸಂಸಾರ ತೂಗಿಸುವ ಮಹಿಳೆಗೆ ಒಂದು ಪ್ಯಾಂಟಿನ ಬಟ್ಟೆ ಕೆಟ್ಟರೆ ಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ, ಆ ಬಟ್ಟೆಯ ಬೆಲೆ ಮತ್ತು ಗ್ರಾಹಕರ ವಿಶ್ವಾಸವೂ ಹೌದು.

ಬಟ್ಟೆ ಕೈಗೆ ಬಂದೊಡನೆ ಗ್ರಾಹಕರ ಎದುರಿನಲ್ಲೇ ಎರಡು ಪಿನ್ನು ಚುಚ್ಚಿ ಎಳೆದು ನೋಡುವುದು, ಮರಳದ ಬಟ್ಟೆಯಾದರೆ ಸಡಿಲವಾದ ಉಡುಪನ್ನೇ ಹೊಲಿಸಿಕೊಳ್ಳುವಂತೆ ಸೂಚಿಸುವುದು, ಒಗೆದು ಕುಗ್ಗಿಸಿ ಕತ್ತರಿಸಲು ಎರಡು ದಿನ ಹೆಚ್ಚಿಗೆ ಕೇಳುವುದು ಇವಕ್ಕೆ ಯಾವ ಖರ್ಚೂ ಇಲ್ಲ. ಬಟ್ಟೆ ತಂದುಕೊಡುವವರು ಆ ಎರಡು ದಿನ ಕಾಯಲು ಸಿದ್ಧರಿದ್ದರೆ ನಷ್ಟ ಇಬ್ಬರಿಗೂ ತಪ್ಪುತ್ತದೆ.